ಕಾಲರ್ ಮೇಷ್ಟ್ರ ಅರ್ಧ ಇಂಚು

ಆ ಟೈಲರ್ ಅಂಗಡಿಯಲ್ಲಿ ನಾಲ್ಕು ಮಶೀನು, ನಾಲ್ಕು ಜನ. ತೋಳಿಗೆ ಒಬ್ಬರು, ಕಾಜಾ ಗುಂಡಿಗೆ ಒಬ್ಬರು, ಪ್ಯಾಂಟಿಗೆ ಒಬ್ಬರು. ಕಾಲರ್ ಮಾತ್ರ ಇಪ್ಪತ್ತಾರು ವರ್ಷದಿಂದ ಒಬ್ಬರದೇ ಕೈ. ಹಾಗಾಗಿ ಅವರಿಗೆ ಕಾಲರ್ ಮೇಷ್ಟ್ರು ಎಂಬ ಹೆಸರೇ ನಿಂತುಬಿಟ್ಟಿತು. ಸಿಟ್ಟು ಬಂದಾಗ ಹೆಂಡತಿ ಕೂಡ ಹಾಗೇ ಕರೆಯುತ್ತಿದ್ದಳು. ಗಿರಾಕಿಗಳ ಮುಖ ಅವರಿಗೆ ನೆನಪಿರುತ್ತಿರಲಿಲ್ಲ, ಕುತ್ತಿಗೆ ನೆನಪಿರುತ್ತಿತ್ತು. "ಹದಿನಾರೂವರೆ ಬಂದು ಹೋದ್ರು" ಎಂದರೆ ಯಾರು ಬಂದಿದ್ದರೆಂದು ಅಂಗಡಿಯವರಿಗೆಲ್ಲ ತಿಳಿಯುತ್ತಿತ್ತು.

ಕೆಲಸ ಕಲಿಸಿದವಳು ಅಕ್ಕ. ತಾಯಿ ಕುತ್ತಿಗೆಯ ಗಂಟಿನ ಕಾಯಿಲೆಯಲ್ಲಿ ಹೋದಾಗ ಮೇಷ್ಟ್ರಿಗೆ ಒಂಬತ್ತು, ಅಕ್ಕನಿಗೆ ಹದಿನೈದು. ಆಮೇಲೆ ಅಕ್ಕನೇ ತಾಯಿ, ಅಕ್ಕನೇ ಗುರು. ಅವಳ ಮೊದಲ ಪಾಠ ಸೂಜಿಯದಲ್ಲ, ಟೇಪಿನದು. ತಿಂಗಳಿಗೊಮ್ಮೆ ಅದನ್ನು ಕಟಿಂಗ್ ಮೇಜಿನ ಅಂಚಿಗೆ ಬಡಿದಿರುವ ಕಬ್ಬಿಣದ ಸ್ಕೇಲಿನ ಮೇಲೆ ಹಾಸಿ ನೋಡಬೇಕು. "ಮನುಷ್ಯರನ್ನ ನಂಬಿದ್ರೂ ನಂಬು, ಬಟ್ಟೆ ಟೇಪನ್ನ ನಂಬಬೇಡ ಕಣೋ" ಎನ್ನುತ್ತಿದ್ದಳು. ಆ ಮಾತನ್ನು ಮೇಷ್ಟ್ರು ಅಂಗಡಿಗೆ ಹೊಸದಾಗಿ ಸೇರಿದವರಿಗೆಲ್ಲ ತಮ್ಮದೇ ಮಾತೆಂಬಂತೆ ಹೇಳುತ್ತ ಬಂದಿದ್ದರು.

ಈಗ ಅಕ್ಕನಿಗೂ ಅದೇ ಕಾಯಿಲೆ. ಲಿಂಫೋಮಾ, ಅಂದರೆ ಗ್ರಂಥಿಗಳ ಕ್ಯಾನ್ಸರ್, ಎಂದರು ಡಾಕ್ಟರು. ಔಷಧಕ್ಕೆ ಒಮ್ಮೆ ಕರಗಿದ ಗಂಟುಗಳು ವರ್ಷ ತುಂಬುವುದರೊಳಗೆ ಮರಳಿ ಬಂದವು. ಇನ್ನು ಉಳಿದಿದ್ದು ಒಂದೇ ದಾರಿ, ಹೊಂದುವ ಇನ್ನೊಬ್ಬರ ರಕ್ತದಿಂದ ಹೊಸ ರಕ್ತ ಹುಟ್ಟಿಸುವ ಮೂಲಕೋಶಗಳನ್ನು ತೆಗೆದು ಅವಳಿಗೆ ಕೊಡುವುದು. ಒಡಹುಟ್ಟಿದವರೆಂದು ಇದ್ದವರು ಮೇಷ್ಟ್ರು ಒಬ್ಬರೇ. ಹೊಂದುತ್ತದೆಯೇ ಎಂದು ನೋಡಲು ರಕ್ತ ಕೊಟ್ಟರು. ಹತ್ತು ದಿನದ ಮೇಲೆ ಡಾಕ್ಟರು ನಗುತ್ತಲೇ ಒಳಗೆ ಕರೆದರು.

"ಪೂರ್ತಿ ಹೊಂದುತ್ತೆ. ದೇಹ ತನ್ನದು ಯಾವುದು, ಹೊರಗಿಂದು ಯಾವುದು ಅಂತ ಗುರುತು ಹಿಡಿಯುತ್ತಲ್ಲ, ಆ ಜೀನ್‌ಗಳು ನಿಮ್ಮಿಬ್ಬರದ್ದೂ ಒಂದೇ ಥರ. ಅದೃಷ್ಟ ಅನ್ನಬೇಕು."

ಮೇಷ್ಟ್ರು ಸುಮ್ಮನೆ ಎದ್ದು ಬರಬಹುದಿತ್ತು. ಬಾಯಿ ಸುಮ್ಮನಿರಲಿಲ್ಲ.

"ಅವಳ ಕಾಯಿಲೆಗೂ ಆ ಜೀನ್‌ಗೂ ಏನಾದ್ರೂ ಸಂಬಂಧ ಇದೆಯಾ ಮೇಡಂ?"

"ಸ್ವಲ್ಪ ಇರಬಹುದು. ಅವುಗಳಲ್ಲಿ ಕೆಲವು ಬಗೆ ಇರೋರಿಗೆ ಈ ಕಾಯಿಲೆ ಬರೋ ಸಾಧ್ಯತೆ ತುಸು ಜಾಸ್ತಿ. ನಿಮ್ಮ ಮನೇಲೂ ಅಂಥ ಒಂದಿದೆ. ಆದ್ರೆ ಅದಿರೋರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಏನೂ ಆಗಲ್ಲ. ಜೀನ್ ಇದೆ ಅಂದ್ರೆ ಕಾಯಿಲೆ ಇದೆ ಅಂತಲ್ಲ. ತಲೆ ಕೆಡಿಸ್ಕೋಬೇಡಿ."

ಹೆದರಿದವನ ಕಿವಿಗೆ ಅರ್ಧ ಮಾತೇ ಹೋಗುವುದು. 'ಆದ್ರೆ' ಎಂಬಲ್ಲಿಗೇ ಮೇಷ್ಟ್ರ ಕಿವಿ ಮುಚ್ಚಿತ್ತು. ಮನೆಗೆ ಬೀಗ ಹಾಕಿ ಹೊರಗೆ ಹೋಗಬಹುದು, ಅಂಗಡಿಗೆ ರಜೆ ಹಾಕಬಹುದು. ಹುಟ್ಟುವಾಗಲೇ ಮೈಯೊಳಗೆ ಬರೆದಿಟ್ಟದ್ದನ್ನು ಬಿಟ್ಟು ಎಲ್ಲಿಗೆ ಹೋಗುವುದು? ಮರುದಿನದಿಂದ ಅವರು ಬಚ್ಚಲುಮನೆಯ ಚಿಲಕ ಹಾಕಿಕೊಂಡು ತಮ್ಮ ಕುತ್ತಿಗೆಯನ್ನು ತಾವೇ ಅಳೆಯತೊಡಗಿದರು. ಹದಿನೈದು. ಮರುದಿನವೂ ಹದಿನೈದು. ಆ ಸಂಖ್ಯೆ ನೋಡಿದ ಮೇಲೆಯೇ ಅವರು ತಿಂಡಿಗೆ ಕೂರುತ್ತಿದ್ದರು.

ಹೀಗೆ ಎರಡು ವಾರ ಕಳೆಯಿತು. ಅಷ್ಟರಲ್ಲಿ ಅಂಗಡಿಯ ಯಜಮಾನರು ಎಲ್ಲರಿಗೂ ಹೊಸ ಟೇಪು ಹಂಚಿದರು. ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅಳತೆ ಬಂದದ್ದು ಹದಿನೈದೂವರೆ. ಮೇಷ್ಟ್ರು ಉಸಿರು ಬಿಗಿಹಿಡಿದು ಅಳೆದರು, ಬಿಟ್ಟು ಅಳೆದರು. ಹದಿನೈದೂವರೆಯೇ.

ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡಾಯಿತು ಅವರದು. ಕುತ್ತಿಗೆ ಊದಿದ್ದನ್ನು ಹೇಳಿದರೆ ಡಾಕ್ಟರು ಇವರ ರಕ್ತ ಬೇಡವೆನ್ನುತ್ತಾರೆ, ಅಕ್ಕನಿಗೆ ಬೇರೆ ಗತಿಯಿಲ್ಲ. ಹೇಳದೆ ಕೊಟ್ಟರೆ ಕೊಳೆತದ್ದನ್ನೇ ಅವಳಿಗೆ ತುಂಬಿದ ಹಾಗೆ. ಇವೆರಡರ ಕೆಳಗೆ ಇನ್ನೊಂದು ಭಯವಿತ್ತು, ಅದನ್ನು ತಮಗೆ ತಾವೇ ಒಪ್ಪಿಕೊಳ್ಳಲು ನಾಚಿಕೆ. ಡಾಕ್ಟರ ಬೆರಳು ತಮ್ಮ ಕುತ್ತಿಗೆ ಮುಟ್ಟುವುದೇ ಅವರಿಗೆ ಬೇಡವಾಗಿತ್ತು. ಕೊಡುವ ಮುನ್ನ ಒಂದು ತಪಾಸಣೆ ಆಗಬೇಕಿತ್ತು. ಅಂಗಡಿಯಲ್ಲಿ ಕೆಲಸವೆಂದು ಒಮ್ಮೆ, ನೆಗಡಿಯೆಂದು ಒಮ್ಮೆ ತಪ್ಪಿಸಿಕೊಂಡರು. ಎರಡನೇ ಸಲ ನರ್ಸಮ್ಮ ಫೋನಿನಲ್ಲೇ ಗದರಿದರು. "ಶನಿವಾರವೂ ಬರದಿದ್ರೆ ಸೋಮವಾರದ ಚಿಕಿತ್ಸೆ ತಪ್ಪಿಹೋಗುತ್ತೆ. ಮುಂದಿನ ದಿನಾಂಕದವರೆಗೆ ನಿಮ್ಮಕ್ಕ ತಡೀತಾರೆ ಅಂತ ಯಾರೂ ಬರೆದು ಕೊಟ್ಟಿಲ್ಲ."

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಅಕ್ಕನ ಮನೆಗೆ ಹೋದರು, ನನ್ನಿಂದಾಗದು ಎಂದು ಹೇಳಿಬಿಡಲು. ಅಕ್ಕ ಕಿಟಕಿ ಪಕ್ಕದ ಮಂಚದ ಮೇಲೆ ಕುತ್ತಿಗೆಗೆ ಶಾಲು ಸುತ್ತಿ ಕೂತಿದ್ದಳು. ಊಟದ ಚೀಲವನ್ನು ನೆಲಕ್ಕಿಟ್ಟು ಮೇಷ್ಟ್ರು ಸ್ಟೂಲಿನ ಮೇಲೆ ಕೂತರು.

"ಏನೋ ಇದು, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

ಅಷ್ಟೇ ಸಾಕಾಯಿತು. ಐವತ್ತು ದಾಟಿದ ಗಂಡಸು ಒಂಬತ್ತರ ಹುಡುಗನಂತೆ ಅತ್ತರು. ಜೀನ್, ಬಚ್ಚಲುಮನೆ, ಅರ್ಧ ಇಂಚು ಎಲ್ಲ ಹೊರಗೆ ಬಂತು. ಮುಗಿದ ಮೇಲೆ ಅಕ್ಕ ಕೇಳಿದಳು, "ಯಾವ ಟೇಪು?"

ಮೇಷ್ಟ್ರು ಜೇಬಿನಿಂದ ಟೇಪು ತೆಗೆದರು.

"ಇದು ಹೊಸದು. ಮೊದಲು ಅಳೀತಿದ್ದಿದ್ದು?"

ಹನ್ನೊಂದು ವರ್ಷದ ಹಳೆಯ ಟೇಪು ಎಸೆಯಲು ಮನಸ್ಸಾಗದೆ ಅವರು ಅದನ್ನು ಊಟದ ಚೀಲದ ಬಾಯಿಗೆ ಕಟ್ಟಿದ್ದರು. ಅಕ್ಕ ಬಗ್ಗಿ ಅದನ್ನು ಬಿಚ್ಚಿದಳು, ಎರಡನ್ನೂ ಮಂಚದ ಮೇಲೆ ಜೊತೆಜೊತೆಯಾಗಿ ಹಾಸಿದಳು. ಹಳೆಯದರ ಹದಿನೈದು ಹೊಸದರ ಹದಿನೈದೂವರೆಗೆ ಸರಿಯಾಗಿ ಕೂತಿತು. ದಿನವೂ ಗಿರಾಕಿಗಳ ಕುತ್ತಿಗೆಗೆ ಸುತ್ತಿ ಎಳೆದ ಭಾಗವಷ್ಟೇ ಜಗ್ಗಿ ಉದ್ದವಾಗಿತ್ತು. ಅದರಲ್ಲೇ ಅಳೆದು ಅದರಲ್ಲೇ ಕಾಲರ್ ಕತ್ತರಿಸುತ್ತಿದ್ದುದರಿಂದ ಒಂದು ಅಂಗಿಯೂ ಬಿಗಿಯಾಗಲಿಲ್ಲ, ತಪ್ಪು ಯಾರಿಗೂ ಗೊತ್ತಾಗಲಿಲ್ಲ.

"ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಸ್ಕೇಲಿನ ಮೇಲೆ ಹಾಸಿ ಎಷ್ಟು ವರ್ಷ ಆಯ್ತು?" ಅಕ್ಕ ನಕ್ಕಳು, ನಗು ಕೆಮ್ಮಾಯಿತು. ಮೇಷ್ಟ್ರೂ ನಕ್ಕರು. ಎಷ್ಟೋ ದಿನದ ಮೇಲೆ ಮೈಯೊಳಗೆ ಗಾಳಿ ಆಡಿದಂತಾಯಿತು.

ಕೆಮ್ಮು ನಿಂತ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು, "ಟೇಪಿನ ವಿಷಯ ಗೊತ್ತಾಗದೇ ಇದ್ದಿದ್ರೆ, ನಾಳೆ ಹೋಗ್ತಿದ್ಯಾ?"

ಮೇಷ್ಟ್ರ ನಗು ಅಲ್ಲೇ ನಿಂತಿತು. ಸುಳ್ಳು ಹೇಳಿದರೆ ಅವಳಿಗೆ ತಿಳಿಯುತ್ತದೆ. ಮಂಚದ ಮೇಲಿದ್ದ ಹೊಸ ಟೇಪನ್ನು ಸುತ್ತತೊಡಗಿದರು.

"ಇಲ್ಲ ಅಂತ ಗೊತ್ತು ಬಿಡು" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತು. "ಟೇಪು ಸರಿಹೋಯ್ತು ಅಂತ ಭಯ ಹೋಗಲ್ಲ. ನಾಳಿದ್ದು ಇನ್ನೇನೋ ಅಳೀತೀಯ. ಭಯ ಇಟ್ಕೊಂಡೇ ಹೋಗ್ಬೇಕು. ಬಾ, ನಂದೂ ಅಳೆ. ಮೂರು ತಿಂಗಳಿಂದ ನೀನು ನನ್ನ ಕುತ್ತಿಗೆ ಕಡೆ ನೋಡೇ ಇಲ್ಲ."

ಅವಳು ಶಾಲು ತೆಗೆದಳು. ಮೇಷ್ಟ್ರು ಹೊಸ ಟೇಪು ಹಿಡಿದು ಎದ್ದರು. ಎಡಗಿವಿಯ ಕೆಳಗಿನ ಗಂಟುಗಳ ಮೇಲೆ ಹಾಯಿಸಿ ಟೇಪು ಸುತ್ತಿದರು. ಹಿಂದೆ ಅವಳದು ಹದಿಮೂರು.

"ಎಷ್ಟು?"

"ಹದಿನಾಲ್ಕೂಕಾಲು."

"ನಾಳೆ ಎಷ್ಟು ಗಂಟೆಗೆ ಹೋಗ್ತೀಯ?"

"ಎಂಟಕ್ಕೆ" ಎಂದರು ಮೇಷ್ಟ್ರು. ಅಳತೆ ಮುಗಿದಿತ್ತು, ಆದರೂ ಅಕ್ಕನ ಕುತ್ತಿಗೆಯಿಂದ ಟೇಪು ತೆಗೆಯಲು ಅವರಿಗೆ ಕೈ ಬರಲಿಲ್ಲ.