ಅಗಿದ ಮುದ್ದೆ

ನಂಬುತ್ತೀರಾ? ಇವತ್ತು ಮಧ್ಯಾಹ್ನ ನಾನು ಮುದ್ದೆ ಅಗಿದೆ! ಗಂಟಲು ಬಿಗಿದಿದೆ, ಇನ್ನು ಏನು ತಿಂದರೂ ಅಗಿದೇ ತಿನ್ನಿ ಎಂದು ಕಡೂರಿನ ಡಾಕ್ಟರು ಹೇಳಿದ್ದರು. ತಟ್ಟೆಯಿಂದ ಬಿಸಿ ರಾಗಿಯ ವಾಸನೆ ಏಳುತ್ತಿತ್ತು. ಹೆದರುತ್ತಲೇ ಹಲ್ಲು ಊರಿದೆ. ಅಯ್ಯೋ, ರಾಗಿ ಸಿಹಿ ಕಣ್ರೀ! ಜೀವಮಾನವಿಡೀ ಉಂಡವನಿಗೆ ರುಚಿ ಗೊತ್ತಾಗಿದ್ದು ಇವತ್ತು.

ನಮ್ಮ ಯಗಟಿ ಕಡೆ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎನಿಸಿದರೆ ಊಟ. ಎಪ್ಪತ್ತರ ದಶಕದ ಕೊನೆಗೆ ನನ್ನ ಕೈಹಿಡಿದ ಗಿರಿಜೆ ಅಜ್ಜಂಪುರದ ಆಚೆಯವಳು, ಜೋಳದ ರೊಟ್ಟಿ ತಿಂದು ಬೆಳೆದವಳು. ಮನೆ ತುಂಬ ನೆಂಟರಿದ್ದ ದಿನ, ಪಾಪ, ಮುದ್ದೆಯನ್ನೂ ರೊಟ್ಟಿಯಂತೆ ಅಗಿದಳು. ನಾನೋ ಎಸ್ಸೆಸ್ಸೆಲ್ಸಿ ಪಾಸಾದವನು. ಜಗತ್ತಿನ ಸಕಲಕ್ಕೂ ನನ್ನಲ್ಲಿ ತೀರ್ಪು ಸಿದ್ಧವಿರುತ್ತಿತ್ತು.

"ಲೇ, ಎಮ್ಮೆ ಮೆಲುಕು ಹಾಕ್ದಂಗೆ ಸದ್ದು ಮಾಡ್ತೀಯಲ್ಲೇ! ಮುದ್ದೆಗೆ ಹಲ್ಲು ತಾಗಿಸೋದು ಪಾಪ ಕಣೇ."

ಪಂಕ್ತಿಯೆಲ್ಲ ನಕ್ಕಿತು. ಅವತ್ತಿನಿಂದ ಅವಳು ನನ್ನೆದುರು ಉಣ್ಣಲಿಲ್ಲ. ಎಲ್ಲರದೂ ಆದಮೇಲೆ ಅಡುಗೆಮನೆಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ, ಒಬ್ಬಳೇ.

ಕೆಲವು ವರ್ಷಗಳ ಮೇಲೆ ಸಖರಾಯಪಟ್ಟಣದ ನೆಂಟರ ಮನೆಗೆ ನಮ್ಮ ಮಠದ ಮುದಿ ಸ್ವಾಮಿಗಳು ಬಂದಿದ್ದಾಗ ನಾನೊಬ್ಬನೇ ಹೋಗಿದ್ದೆ. ನೋಡಿದರೆ, ಅವರೂ ಬೋಳು ವಸಡಿನಲ್ಲಿ ಮುದ್ದೆ ಅಗಿಯುತ್ತಿದ್ದಾರೆ! ತಡೆಯಲಾರದೆ ಕೇಳಿದೆ: "ಬುದ್ಧೀ, ಅಗಿಯೋದು ಪಾಪ ಅಲ್ವಾ?"

"ಪಾಪಕ್ಕೆ ಬೇರೆ ಕೆಲ್ಸ ಇಲ್ವೇನಪ್ಪಾ, ನಿನ್ನ ಬಾಯೊಳಗೆ ಬಂದು ಕೂತ್ಕೊಳಕ್ಕೆ?" ಎಂದು ನಕ್ಕರು. "ಅಗಿದ್ರೆ ಪಾಪ ಇಲ್ಲ, ನುಂಗಿದ್ರೆ ಪುಣ್ಯಾನೂ ಇಲ್ಲ. ಅಂಥವು ಬೇಕಾದಷ್ಟಿವೆ, ಅವುಗಳ ಪಾಡಿಗೆ ಬಿಟ್ಬಿಡು. ಅದನ್ನೇ ಹಿಡ್ಕೊಂಡು ಯಾರನ್ನಾದ್ರೂ ನೋಯಿಸಿದ್ಯೋ, ಆಗ ಪಾಪ."

ಆ ಮಾತು ಮನೆಗೆ ತಂದಿದ್ದರೆ ಗಿರಿಜೆ ಅಂದೇ ಜೊತೆಗೆ ಕೂರುತ್ತಿದ್ದಳೋ ಏನೋ. ತರಲಿಲ್ಲ. ತಂದರೆ ನನ್ನ ತೀರ್ಪು ಸುಳ್ಳಾಗುತ್ತಿತ್ತಲ್ಲ! ಅಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಯಗಟಿ ಬಸ್ಸು ಹತ್ತಿದೆ. ಮುದ್ದೆಯಂತೆ ಮಾತನ್ನೂ ನುಂಗಿ ಅಭ್ಯಾಸ ನನಗೆ.

ಇವತ್ತು ಬಾಯಿ ತುಂಬ ರಾಗಿ ಸಿಹಿ ಇಟ್ಟುಕೊಂಡು ಕೂಗಿದೆ: "ಗಿರಿಜಾ, ತಟ್ಟೆ ಇಲ್ಲಿಗೇ ತಾ! ಅಗಿಯೋದು ಪಾಪ ಅಂದಿದ್ದು ಸುಳ್ಳು ಕಣೇ. ಸ್ವಾಮಿಗಳು ಎಂದೋ ಹೇಳಿದ್ರು, ನಾನೇ ಮುಚ್ಚಿಟ್ಟೆ. ಅವತ್ತು ನಿನ್ನ ನಗೆಪಾಟಲು ಮಾಡಿದ್ನಲ್ಲ, ಅದು ಪಾಪ."

ಗಿರಿಜೆ ತಟ್ಟೆ ಹಿಡಿದು ಬಂದಳು. ಎದುರಿಗೇ ಕೂತು, ತುತ್ತು ಮುರಿದು, ನಾನು ಅಗಿಯುವುದನ್ನೇ ನೋಡಿದಳು.

"ಏನ್ರೀ ಅದು, ಎಮ್ಮೆ ಥರ ಸದ್ದು!"

ನಾನು ಇನ್ನೂ ಜೋರಾಗಿ ಅಗಿದೆ.