ರೆಕ್ಕೆಗೆ ಮೊಹರು ಹಾಕಿದ ಮಾಸ್ಟ್ರು

ಮೊನ್ನೆ ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲು ಒಡೆಯಿತು. ಹೊರಗೆ ಚೆಲ್ಲಲು ಹೋದಾಗ ಕೈತಪ್ಪಿ, ಗೋಡೆಗೆ ಬಳಿಯಲು ನೆನೆಹಾಕಿದ್ದ ಸುಣ್ಣದ ಬಾಲ್ದಿಗೇ ಬಿತ್ತು. ಹುಳಿ ಹಾಲೂ ಸುಣ್ಣವೂ ಸೇರಿ ಎದ್ದ ಆ ವಾಸನೆಗೆ ನಾನು ಅಲ್ಲೇ ಮೆಟ್ಟಲಿನ ಮೇಲೆ ಕೂತುಬಿಟ್ಟೆ. ಎಷ್ಟೋ ವರ್ಷಗಳಿಂದ ಮೂಗಿಗೆ ಬಾರದ ವಾಸನೆ. ಮರಗೆಲಸದ ಮಾಸ್ಟ್ರ ಕೋಣೆಯ ವಾಸನೆ...

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಈಗ ಕೇರಳದಲ್ಲಿರುವ ನಮ್ಮ ಊರುಗಳು ಆಗಿನ್ನೂ ಮದ್ರಾಸಿಗೆ ಸೇರಿದ್ದವು. ಟ್ರೈನಿಂಗ್ ಮುಗಿಸಿ ನಾನು ಮೀಂಜದ ಕಡೆಯ ಒಂದು ಶಾಲೆಗೆ ಟೀಚರಾಗಿ ಹೋದಾಗ ಅವರು ಅಲ್ಲಿ ಮರಗೆಲಸ ಕಲಿಸುತ್ತಿದ್ದರು. ಯುದ್ಧದ ಕಾಲದಲ್ಲಿ ಘಟ್ಟದ ಮೇಲಿನ ಒಂದು ವಿಮಾನದ ಕಾರ್ಖಾನೆಯಲ್ಲಿ ಮರದ ರೆಕ್ಕೆಗಳನ್ನು ಕಟ್ಟಿದವರು. ಯುದ್ಧ ಮುಗಿದು ಕೆಲಸ ಕಡಿಮೆಯಾದದ್ದರಿಂದ ಬಿಟ್ಟು ಬಂದರು ಎಂದೇ ಊರೆಲ್ಲ ತಿಳಿದಿತ್ತು. ಒಂಟಿ ಜೀವ. ಅಂಟನ್ನು ಪೇಟೆಯಿಂದ ತರಿಸುತ್ತಿರಲಿಲ್ಲ. ಒಡೆದ ಹಾಲಿನ ಗಟ್ಟಿಯನ್ನು ಒಣಗಿಸಿ, ಪುಡಿಮಾಡಿ, ಸುಣ್ಣ ಬೆರೆಸಿ ತಾವೇ ಕಲಸುತ್ತಿದ್ದರು. ರೆಕ್ಕೆಗೂ ಇದೇ ಜಾತಿಯ ಅಂಟಂತೆ.

ಹೊಸ ಬೆಂಚು ಮಾಡಿದರೆ ಬೆರಳ ಗೆಣ್ಣಿನಿಂದ ಸಂದುಸಂದನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆಯೇ ಮಕ್ಕಳನ್ನು ಕೂರಿಸಲು ಬಿಡುತ್ತಿದ್ದರು. ಮಕ್ಕಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ಅಪರೂಪಕ್ಕೊಮ್ಮೆ ಮಂಗಳೂರಿನ ಕಡೆಗೆ ವಿಮಾನ ಹಾರಿದಾಗ ಅವರ ಮುಖ ನೋಡಿದವರು ನಗುತ್ತಿರಲಿಲ್ಲ. ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಸದ್ದು ಪೂರ್ತಿ ಅಡಗುವ ತನಕ ಅವರು ಉಸಿರು ಬಿಗಿಹಿಡಿದು ನಿಂತೇ ಇರುತ್ತಿದ್ದರು.

ನಮ್ಮ ದೇಶದವರೇ ರೂಪಿಸಿದ ವಿಮಾನ ಹಾರಿತೆಂದು ಪೇಪರಿನಲ್ಲಿ ಬಂದದ್ದು ಆ ದಿನಗಳಲ್ಲೇ. ಸ್ವಾತಂತ್ರ್ಯ ದಿನದಂದು ನಮ್ಮ ವಿಮಾನ ಉದ್ಯಮದ ಭವಿಷ್ಯದ ಬಗ್ಗೆ ಅವರು ನಾಲ್ಕು ಮಾತಾಡಲೇಬೇಕೆಂದು ಹೆಡ್‌ಮಾಸ್ಟ್ರು ಹಠ ಹಿಡಿದರು. ಮಾಸ್ಟ್ರು ಎರಡು ಸಲ ಬೇಡವೆಂದರು. ಮೂರನೆಯ ಸಲ ಎದ್ದು ನಿಂತರು.

"ನಮ್ಮವರ ಕೈಯಲ್ಲಿ ಕೆಲಸ ಉಂಟು. ಯಾವ ದೇಶದವರಿಗೂ ನಾವು ಕಮ್ಮಿ ಇಲ್ಲ. ವಿಮಾನ ಆಗ್ತದೆ, ಇನ್ನೂ ದೊಡ್ಡದು ಆಗ್ತದೆ. ಆದ್ರೆ, ಇದು ಸರಿಯಾಗ್ಲಿಲ್ಲ, ಇವತ್ತು ಕೊಡುದಿಲ್ಲ ಅಂತ ಹೇಳುವವ ಒಬ್ಬ ಅಲ್ಲಿ ಬೇಕು. ಅವ ಇಲ್ಲದಿದ್ರೆ..."

ಅಷ್ಟು ಹೇಳಿ ಕೂತುಬಿಟ್ಟರು. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಅದೇ ವರ್ಷ ನನ್ನ ತಮ್ಮನಿಗೆ ಆ ಕಾರ್ಖಾನೆಯಿಂದಲೇ ಕೆಲಸ ಕಲಿಯಲು ಕರೆ ಬಂತು. ಸಂತೋಷದ ಸುದ್ದಿಯೆಂದು ಮಧ್ಯಾಹ್ನದ ಬಿಡುವಿನಲ್ಲಿ ಅವರ ಕೋಣೆಗೆ ಓಡಿದೆ. ಅವರು ಮರ ಹೆರೆಯುತ್ತಿದ್ದ ಕೀಸುಳಿಯನ್ನು ಕೆಳಗಿಟ್ಟರು. ಊರಿನಲ್ಲಿ ಯಾರಿಗೂ ಹೇಳದ್ದನ್ನು ನನಗೆ ಹೇಳಿದರು.

ರೆಕ್ಕೆಗಳನ್ನು ಪರೀಕ್ಷಿಸಿ ಮೊಹರು ಹಾಕುವುದು ಅವರ ಕೆಲಸವಾಗಿತ್ತು. ವಾರವಿಡೀ ಥಂಡಿ ಹಿಡಿದ ಒಂದು ಮಳೆಗಾಲ. ಅಂಟು ಸರಿಯಾಗಿ ಒಣಗುತ್ತಿರಲಿಲ್ಲ. ಒಂದು ಸಂದನ್ನು ತಟ್ಟಿದಾಗ ಸದ್ದು ಮಂದವಾಗಿ ಕೇಳಿತು. ಇವತ್ತೇ ಹೊರಗೆ ಹೋಗಬೇಕು ಎಂದು ಮೇಲಿನವರ ಒತ್ತಾಯ. ಮತ್ತೆ ತಟ್ಟಿದರು. ಸರಿ ಇರಬಹುದು ಎಂದು ತಮಗೆ ತಾವೇ ಹೇಳಿಕೊಂಡು ಮೊಹರು ಹಾಕಿದರು. ಕೆಲವೇ ದಿನಗಳಲ್ಲಿ ಆ ರೆಕ್ಕೆಯ ವಿಮಾನ ರಾಗಿ ಹೊಲದಲ್ಲಿ ಬಿತ್ತು. ಒಳಗಿದ್ದ ಇಬ್ಬರೂ ಉಳಿಯಲಿಲ್ಲ.

"ವಿಚಾರಣೆ ಆಯ್ತು. ಎಲ್ಲರನ್ನೂ ಕೇಳಿದ್ರು. ನನ್ನನ್ನು ಮಾತ್ರ ಯಾರೂ ಕೇಳ್ಲೇ ಇಲ್ಲ ಟೀಚರ್. ನಾನಾಗಿ ಹೋಗಿ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಕಡೆಗೆ ಕಾರಣ ಎಂತ ಅಂತ ಬರೆದ್ರು, ಅದೂ ಗೊತ್ತಿಲ್ಲ. ನಿಮ್ಮ ತಮ್ಮನಿಗೆ ಆ ವಿಚಾರಣೆಯ ಕಡತ ಒಮ್ಮೆ ನೋಡ್ಲಿಕ್ಕೆ ಆಗ್ತದಾ?"

ತಮ್ಮ ಹೊರಟ ದಿನ ಬಸ್ಸು ಹತ್ತಿಸಲು ಹೊಸಂಗಡಿಯ ತನಕ ಮಾಸ್ಟ್ರೂ ಬಂದರು. "ಸರಿ ಇಲ್ಲದ್ದಕ್ಕೆ ಮೊಹರು ಹಾಕ್ಬೇಡ ತಮ್ಮಾ" ಎಂದರು, ಅಷ್ಟೇ.

ಆಮೇಲಿನ ತಿಂಗಳುಗಳಲ್ಲಿ ನಾನು ಶಾಲೆಯ ಬಾಗಿಲಿಗೆ ಬರುವ ಮೊದಲೇ ಅವರ ಕಣ್ಣು ನನ್ನ ಕೈಯನ್ನು ಹುಡುಕುತ್ತಿತ್ತು. ತಮ್ಮನ ಕಾಗದ ಇಲ್ಲವೆಂದು ತಿಳಿದ ಕೂಡಲೇ ಮುಖ ತಿರುಗಿಸುತ್ತಿದ್ದರು. ದಿನದಿನಕ್ಕೆ ಇಳಿದುಹೋದರು. ನನಗೆ ನೋಡಲಾಗಲಿಲ್ಲ. ಮಾಸ್ಟ್ರು ಹೀಗೇ ಇದ್ದರೆ ಉಳಿಯುವುದಿಲ್ಲ, ಒಳ್ಳೆಯ ಸುದ್ದಿ ಇದ್ದರೆ ಬೇಗ ಬರೆ ಎಂದು ತಮ್ಮನಿಗೆ ಬರೆದೆ. ಹಾಗೆ ಬರೆಯಬಾರದಿತ್ತೋ ಏನೋ...

ಹತ್ತೇ ದಿನದಲ್ಲಿ ಉತ್ತರ ಬಂತು. ಕಡತ ನೋಡಿದ್ದೇನೆ, ಎಂಜಿನು ಕೆಟ್ಟು ಬಿದ್ದದ್ದು, ರೆಕ್ಕೆಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಬರೆದಿದ್ದ. ಮಾಸ್ಟ್ರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಮಡಚಿದರು. ಬಿಡಿಸಿ ಮತ್ತೆ ಓದಿದರು.

"ಕೆಲಸ ಕಲೀಲಿಕ್ಕೆ ಹೋದ ಹುಡುಗನಿಗೆ ಅಂಥಾ ಕಡತ ಯಾರು ತೋರಿಸ್ತಾರೆ ಟೀಚರ್?" ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನಿಮ್ಮ ತಮ್ಮ ಒಳ್ಳೆಯ ಹುಡುಗ" ಎಂದು ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಊರು ಕೇರಳಕ್ಕೆ ಸೇರುವ ಮೊದಲಿನ ಬೇಸಗೆಯಲ್ಲಿ ಜ್ವರ ಬಂದು ತೀರಿಹೋದರು. ವಿಮಾನ ಹಾರಿದಾಗ ಅವರು ಉಸಿರು ಬಿಗಿಹಿಡಿಯುವುದು ಕಡೆಯ ತನಕ ನಿಂತಿರಲಿಲ್ಲ.

ತಮ್ಮ ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ. ರಜೆಯಲ್ಲಿ ಬಂದಾಗ ಕೇಳುತ್ತಿದ್ದೆ: ನೀನು ಕಡತ ನೋಡಿದ್ದು ನಿಜವಾ? "ಬರೆದಿದ್ದೇನಲ್ಲ ಅಕ್ಕ" ಎನ್ನುತ್ತಿದ್ದ. ಕೊನೆಯ ಸಲ ಕೇಳಿದಾಗ, "ಇಷ್ಟು ವರ್ಷ ಆದ ಮೇಲೆ ಅದೆಲ್ಲ ಯಾಕೆ ಅಕ್ಕ?" ಎಂದು ಎದ್ದು ಅಂಗಳಕ್ಕೆ ಹೋದ. ಕಳೆದ ವರ್ಷ ಅವನೂ ಹೋದ.

ಈಗ ಆ ಕಾರ್ಖಾನೆ ಬಹಳ ದೊಡ್ಡದಾಗಿದೆಯಂತೆ, ಶಬ್ದಕ್ಕಿಂತ ವೇಗವಾಗಿ ಹಾರುವಂಥವನ್ನು ಕಟ್ಟುತ್ತಾರಂತೆ. ಪೇಪರಿನಲ್ಲಿ ಓದುತ್ತೇನೆ, ಹೆಮ್ಮೆಯಾಗುತ್ತದೆ. ಹೇಳೋಣವೆಂದರೆ ಯಾರಿಗೆ? ಆ ಕಾಗದ ಬರೆದವನೂ ಇಲ್ಲ, ಓದಿದವರೂ ಇಲ್ಲ. ತಂದುಕೊಟ್ಟವಳು ಮಾತ್ರ ಉಳಿದಿದ್ದೇನೆ.