ಒಂದೊಂದೇ ಸಾಲು ಓದುವ ಟೈಪಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷವಿದೆ. ಆಸ್ಪತ್ರೆಯ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಕೂತ ಐವತ್ತೊಂದು ವರ್ಷದ ಹೆಂಗಸು ಚಪ್ಪಲಿ ಕಳಚಿಟ್ಟು, ಕಂಪ್ಯೂಟರ್ ಪರದೆಯ ಮೇಲಿನ ಹೆಬ್ಬೆರಳ ಗಾತ್ರದ ಅಕ್ಷರಗಳನ್ನು ಓದುತ್ತಿದ್ದಾರೆ. ಇದ್ದಕ್ಕಿದ್ದಂತೆ "ಅಸಲಿ" ಎಂದು ಜೋರಾಗಿ ಹೇಳುತ್ತಾರೆ. ಪಕ್ಕದ ಮೇಜಿನಲ್ಲಿ ಪಾಳಿ ಮುಗಿಸುತ್ತಿರುವ ಸಹೋದ್ಯೋಗಿ ತಲೆ ಎತ್ತದೆಯೇ "ಕೇಳಿಸ್ತು ಅಕ್ಕಾ" ಎನ್ನುತ್ತಾರೆ. ಆಮೇಲಷ್ಟೇ ಇವರ ಬೆರಳು ಕೀಬೋರ್ಡಿಗೆ ಇಳಿಯುತ್ತದೆ.

ಆಫೀಸಿನಲ್ಲಿ ಇವರಿಗೆ ಟೈಪಕ್ಕ ಎಂದೇ ಹೆಸರು. ಟೈಪಿಸ್ಟ್ ಆಗಿ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಯಿತು. ಟೈಪ್‌ರೈಟರ್ ಗುಜರಿಗೆ ಹೋಯಿತು, ಹೆಸರು ಉಳಿಯಿತು. ಈಗ ಇವರು ನೋಡಿಕೊಳ್ಳುವುದು ಆರು ಆಸ್ಪತ್ರೆಗಳ ರಕ್ತನಿಧಿಗಳನ್ನು ಜೋಡಿಸುವ ಪ್ರೋಗ್ರಾಂಗಳನ್ನು. ಯಾವ ಗುಂಪಿನ ರಕ್ತ ಯಾವ ಆಸ್ಪತ್ರೆಯ ಫ್ರಿಜ್‌ನಲ್ಲಿದೆ ಎಂದು ನರ್ಸ್‌ಗಳಿಗೆ ತೋರಿಸುವುದು ಇವೇ. ಪ್ರತಿ ಪ್ರೋಗ್ರಾಂ ಅನ್ನೂ ಅದಕ್ಕೆ ಬೇಕಾದ ಸರಂಜಾಮಿನ ಸಮೇತ ಗಂಟು ಕಟ್ಟಿಟ್ಟರೆ ಅದು ಕಂಟೇನರ್. ಅಂಥ ಮುನ್ನೂರ ಹನ್ನೆರಡು ಗಂಟುಗಳನ್ನು ಹೊತ್ತು ನಿಂತ ಸರ್ವರ್‌ಗಳ ಗುಂಪೇ ಕ್ಲಸ್ಟರ್. ಇಲ್ಲಿ ಎರಡು ಕ್ಲಸ್ಟರ್ ಇವೆ. ನಿಜವಾದ ಕೆಲಸ ನಡೆಯುವುದಕ್ಕೆ 'ಅಸಲಿ' ಎಂದೂ ಪ್ರಯೋಗ ಮಾಡುವುದಕ್ಕೆ 'ತಾಲೀಮು' ಎಂದೂ ಹೆಸರಿಟ್ಟವರು ಟೈಪಕ್ಕನೇ.

ಉಳಿದವರೆಲ್ಲ ವೆಬ್ ಪುಟದಲ್ಲಿ ಬಣ್ಣದ ಗ್ರಾಫ್‌ಗಳನ್ನು ನೋಡುತ್ತಾ ಕೆಲಸ ಮಾಡುತ್ತಾರೆ. ಟೈಪಕ್ಕ ಮಾತ್ರ ಟೆಕ್ಸ್ಟ್ ಎಡಿಟರ್ ಬಿಟ್ಟು ಅತ್ತಿತ್ತ ಕದಲುವುದಿಲ್ಲ. ಪತ್ರ ಬರೆಯುವಂಥ ಆ ಖಾಲಿ ಹಾಳೆಯೊಳಗೇ ಕ್ಲಸ್ಟರ್‌ನ ಪಟ್ಟಿ ತೆರೆದುಕೊಳ್ಳುತ್ತದೆ, ಸಾಲಿಗೊಂದು ಕಂಟೇನರ್. ಸಾಲಿನ ಮೇಲೆ ನಿಂತು ಒಂದು ಕೀ ಒತ್ತಿದರೆ ಅದು ಇಷ್ಟು ಹೊತ್ತು ಏನು ಮಾಡಿತು ಎಂಬ ವರದಿ ಬರುತ್ತದೆ, ಇನ್ನೊಂದು ಒತ್ತಿದರೆ ಅದರ ಸೆಟ್ಟಿಂಗ್. ಕಾಗುಣಿತ ತಿದ್ದಿದಂತೆ ತಿದ್ದಿ ಸೇವ್ ಮಾಡಿದರೆ ಮುಗಿಯಿತು. "ಕೆಲವು ಮುನಿಸಿಕೊಂಡು ಕೂತುಬಿಡ್ತವೆ. ಅಂಥದ್ದನ್ನ ಅಳಿಸಿಬಿಡೋದು. ಕ್ಲಸ್ಟರೇ ಹೊಸದೊಂದು ಎಬ್ಬಿಸಿ ಕೂರಿಸುತ್ತೆ. ಮನೆಯವರನ್ನ ಹೀಗೆ ಮಾಡೋಕಾಗಲ್ಲ ನೋಡಿ," ಎಂದು ನಗುತ್ತಾರೆ. ಪಾಳಿಯಲ್ಲಿ ಮೂರು ಸಲ ಇಡೀ ಪಟ್ಟಿ ಓದುತ್ತಾರೆ. ಹಾಗೆ ಅಳಿಸಿ ಎಬ್ಬಿಸಬೇಕಾದವು ದಿನಕ್ಕೆ ಎಂಟೋ ಹತ್ತೋ ಸಿಗುತ್ತವೆ. ಮಧ್ಯಾಹ್ನ ಎರಡಕ್ಕೆ ಎದ್ದಾಗ ಸೊಂಟ ಹಿಡಿದಿರುತ್ತದೆ.

ಆದರೆ ಎಲ್ಲವನ್ನೂ ಕ್ಲಸ್ಟರ್ ಮತ್ತೆ ಎಬ್ಬಿಸುವುದಿಲ್ಲ. ಕಂಟೇನರ್‌ಗಳನ್ನು ಗುಂಪಾಗಿ ಇಟ್ಟ ಒಂದು ವಿಭಾಗವನ್ನೇ ಅಳಿಸಿದರೆ ಅದರೊಳಗಿನದೆಲ್ಲ ಹೋಗುತ್ತದೆ, ಕೈಯಾರೆ ಮತ್ತೆ ಕಟ್ಟಬೇಕು. ಹೋದ ವರ್ಷ ಟೈಪಕ್ಕ ತಾಲೀಮಿನಲ್ಲಿ ಪ್ರಯೋಗ ಮುಗಿಸಿ ಅಲ್ಲಿನ ವಿಭಾಗ ಅಳಿಸಲು ಹೊರಟರು. ಎಡಿಟರ್‌ನಲ್ಲಿ ತೆರೆದಿದ್ದುದು ಅಸಲಿಯ ಪಟ್ಟಿ. ಎರಡೂ ಹಾಳೆಗಳು ಅವಳಿಜವಳಿಯಂತಿದ್ದವು. ಕ್ಲಸ್ಟರ್‌ನ ಹೆಸರು ಮೇಲ್ತುದಿಯ ಸಾಲಿನಲ್ಲಿ ಮಾತ್ರ ಇತ್ತು. ಅಸಲಿಯಾದರೆ ಆ ಸಾಲು ಕೆಂಪಗಿರುತ್ತಿತ್ತು. ಟೈಪಕ್ಕ ಕೀ ಒತ್ತಿದರು. ಆರು ಆಸ್ಪತ್ರೆಗಳ ಪರದೆಗಳು ಒಟ್ಟಿಗೆ ಖಾಲಿಯಾದವು.

"ನಲವತ್ತೊಂದು ನಿಮಿಷ. ನರ್ಸ್‌ಗಳು ಫೋನ್ ಹಿಡ್ಕೊಂಡು ಫ್ರಿಜ್‌ನಿಂದ ಫ್ರಿಜ್‌ಗೆ ಓಡಾಡಿದ್ರು. ನನ್ನ ಜೀವ ಬಾಯಿಗೆ ಬಂದಿತ್ತು." ಪುಣ್ಯಕ್ಕೆ ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಯಾರೂ ಕೇಳುವ ಮೊದಲೇ ವರದಿ ಬರೆದು, ತಪ್ಪು ನನ್ನದು ಎಂದು ಸಹಿ ಹಾಕಿ ಕೊಟ್ಟರು. ಅಸಲಿಗೆ ಕೈ ಹಾಕುವ ಮುನ್ನ ಹೆಸರನ್ನು ಕೂಗಿ ಹೇಳಬೇಕು, ಇನ್ನೊಬ್ಬರು ಕೇಳಿಸಿತು ಎನ್ನಬೇಕು ಎಂಬ ಪದ್ಧತಿ ಹುಟ್ಟಿದ್ದು ಅಂದಿನಿಂದ. ಮೊದಮೊದಲು ಎಲ್ಲರೂ ಮುಸಿಮುಸಿ ನಕ್ಕರು. ಈಗ ಕೂಗದಿದ್ದರೆ ಅವರಿಗೇ ಕಸಿವಿಸಿ.

ಅಷ್ಟು ಕೆಂಪು ಸಾಲು ಕಣ್ಣಿಗೆ ಬೀಳಲಿಲ್ಲವೇಕೆ ಎಂಬುದು ಗೊತ್ತಾದದ್ದು ತಂಗಿಯಿಂದ. ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿರುವ ತಂಗಿ ಇವರ ಜೊತೆಗೇ ಇದ್ದಾರೆ. "ಏನಕ್ಕಾ ನೀನು, ಬಾಗಿಲಿಗೆ ಡಿಕ್ಕಿ ಹೊಡೀತೀಯ, ಆಮೇಲೆ ಆ ಬಾಗಿಲಿಗೇ ಸಾರಿ ಅಂತೀಯ," ಎಂದು ರೇಗಿಸುತ್ತಿದ್ದವರು ಒಂದು ದಿನ ರೇಗಿಸುವುದನ್ನು ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದರು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿದೆ, ಸದ್ಯಕ್ಕೆ ನಡುಭಾಗ ಸ್ವಚ್ಛವಾಗಿದೆ, ಎಷ್ಟು ವರ್ಷವೋ ಹೇಳಲಾಗದು ಎಂದರು ಡಾಕ್ಟರು. ವೆಬ್ ಪುಟದ ಹನ್ನೆರಡು ಗ್ರಾಫ್‌ಗಳಲ್ಲಿ ಇವರಿಗೆ ಒಮ್ಮೆಗೆ ಕಾಣುವುದು ಒಂದೇ. ಎಡಿಟರ್‌ನ ಒಂದು ಸಾಲು ಮಾತ್ರ ಆ ಕಿಂಡಿಯಲ್ಲಿ ಪೂರ್ತಿ ಹಿಡಿಸುತ್ತದೆ. ಕ್ಲಸ್ಟರ್‌ನ ಹೆಸರು ಪ್ರತಿ ಸಾಲಿನ ಮೊದಲಿಗೂ ಬರುವಂತೆ ಎಡಿಟರ್ ಅನ್ನು ಬದಲಿಸಿಕೊಂಡರು. ಕಣ್ಣಿನ ವಿಷಯವನ್ನು ಆಫೀಸಿನಲ್ಲಿ ಎಂಟು ತಿಂಗಳು ಬಾಯಿ ಬಿಡಲಿಲ್ಲ.

ಬಿಡಬೇಕಾದ ದಿನ ಕಳೆದ ತಿಂಗಳು ಬಂತು. ಹೊಸದಾಗಿ ಬಂದ ಮ್ಯಾನೇಜರ್ ಹಳೆಯ ವರದಿಗಳನ್ನು ಓದಿ, ಎಡಿಟರ್‌ನಿಂದ ಕ್ಲಸ್ಟರ್ ಮುಟ್ಟುವ ದಾರಿಯನ್ನೇ ಮುಚ್ಚಿಸುವುದಾಗಿ, ಇನ್ನು ಎಲ್ಲರಿಗೂ ವೆಬ್ ಪುಟವೇ ಎಂದು ಸಭೆಯಲ್ಲಿ ಹೇಳಿದರು. ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ಕಾರಣ ಹೇಳಿದರೆ, ಆ ನಲವತ್ತೊಂದು ನಿಮಿಷಕ್ಕೆ ಈ ಕಣ್ಣೇ ಕಾರಣವೆಂದು ಒಪ್ಪಿಕೊಂಡಂತಾಗುತ್ತದೆ. ಆಗಲೂ ಕೆಲಸ ಹೋಗಬಹುದು. ರಾತ್ರಿಯೆಲ್ಲ ಯೋಚಿಸಿ ಮರುದಿನ ಹೇಳುವಷ್ಟು ಅವಕಾಶವೂ ಇರಲಿಲ್ಲ. ಟೈಪಕ್ಕ ಅಲ್ಲೇ ಎದ್ದು ನಿಂತರು.

"ಹೇಳೇಬಿಟ್ಟೆ. ಸರ್, ನನಗೆ ಅಂಚು ಕಾಣಲ್ಲ. ಆವತ್ತೂ ಕಂಡಿರ್ಲಿಲ್ಲ, ಅದು ನನಗೇ ಗೊತ್ತಿರ್ಲಿಲ್ಲ. ದಾರಿ ಮುಚ್ಚಬೇಡಿ. ಅಸಲಿಯಲ್ಲಿ ಅಳಿಸೋ ಅಧಿಕಾರ ಬೇಕಾದ್ರೆ ನನ್ನಿಂದ ತೆಗೆದುಬಿಡಿ ಅಂದೆ."

ಮ್ಯಾನೇಜರ್ ತೀರ್ಮಾನವನ್ನು ಒಂದು ವಾರ ಮುಂದೂಡಿದರು. ತಾಲೀಮಿನಲ್ಲಿ ಬೇಕೆಂದೇ ಇಪ್ಪತ್ತು ದೋಷಗಳನ್ನು ಬಚ್ಚಿಟ್ಟು ಎಲ್ಲರಿಗೂ ಹುಡುಕಲು ಹೇಳಿದರು. ಟೈಪಕ್ಕ ಎಲ್ಲರಿಗಿಂತ ನಿಧಾನ. ಇಪ್ಪತ್ತನ್ನೂ ಹುಡುಕಿದವರು ಅವರೊಬ್ಬರೇ. "ಗ್ರಾಫ್ ಹಸಿರಾಗಿದ್ರೆ ನಾವು ಮುಂದೆ ಹೋಗಿಬಿಡ್ತೀವಿ. ಅಕ್ಕ ಹಸಿರನ್ನೂ ಓದ್ತಾರೆ," ಎನ್ನುತ್ತಾರೆ ಪಕ್ಕದ ಮೇಜಿನವರು. ದಾರಿ ಮುಚ್ಚಲಿಲ್ಲ. ಅಳಿಸುವ ಅಧಿಕಾರ ಮಾತ್ರ, ಟೈಪಕ್ಕ ಹೇಳಿದಂತೆಯೇ, ಅವರಿಂದ ಹೋಯಿತು. ಈಗ ಅವರು ಸಾಲು ತೋರಿಸುತ್ತಾರೆ, ಅಳಿಸುವುದು ಪಕ್ಕದವರ ಕೈ.

ಬೇಸರವಿಲ್ಲವೇ ಎಂದರೆ, "ಇದೆ," ಎಂದು ನೇರವಾಗಿ ಹೇಳುತ್ತಾರೆ. "ಇಪ್ಪತ್ತೆಂಟು ವರ್ಷ ಮಾಡಿದ ಕೈ ಅಲ್ವಾ. ಆದ್ರೆ ರಕ್ತಕ್ಕೆ ಕಾಯ್ತಾ ಮಲಗಿರೋರಿಗೆ ನನ್ನ ಬೇಸರ ಕಟ್ಕೊಂಡು ಏನಾಗಬೇಕು?"

ಈಚೆಗೆ ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಾರೆ. ಎಡಿಟರ್‌ನ ಸಾಲುಗಳನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ಮೊದಲ ವಾರ ಹತ್ತು ಸಾಲಿಗೇ ತಲೆ ಕೆಟ್ಟುಹೋಗುತ್ತಿತ್ತಂತೆ. ಈಗ ಎಷ್ಟು ಎಂದು ಕೇಳಿದರೆ, ಕಣ್ಣು ತೆರೆಯದೆಯೇ ಬೆರಳೆತ್ತಿ ಸ್ವಲ್ಪ ಇರಿ ಎನ್ನುತ್ತಾರೆ. ಪಟ್ಟಿ ಮುಗಿಯುವವರೆಗೆ ಕಾಯಬೇಕಾಗುತ್ತದೆ.

"ಮುನ್ನೂರ ಹನ್ನೆರಡು," ಎನ್ನುತ್ತಾರೆ ಟೈಪಕ್ಕ. "ಎಲ್ಲಾ ನೆಟ್ಟಗಿವೆ."